ಮೊದಲೇ ಬೋಳಾಗಿದ್ದ ತಲೆ

೨೦೦೩ರಲ್ಲಿ ನಾನು ಸೈನ್ಯದ ಒಂದು ತರಬೇತಿ ಕೇಂದ್ರದಲ್ಲಿ ರಿಕ್ರೂಟ್ ಆಗಿದ್ದೆ. ಹದಿನೇಳೂವರೆ ತುಂಬಿದ ಕೂಡಲೇ ಮುಂಬ್ರಾದ ಭರ್ತಿ ಮೈದಾನದಲ್ಲಿ ಓಡಿ ಆಯ್ಕೆಯಾಗಿದ್ದೆ. ರಿಕ್ರೂಟ್ ಎಂದರೆ ಇನ್ನೂ ಸಿಪಾಯಿಯಲ್ಲ. ತರಬೇತಿ ಮುಗಿದು, ಕಸಮ್ ಪರೇಡಿನಲ್ಲಿ ಪ್ರತಿಜ್ಞೆ ತೆಗೆದುಕೊಂಡ ಮೇಲೆಯೇ ಸಿಪಾಯಿ. ಅಲ್ಲಿಯವರೆಗೆ ಹೆಸರಿನ ಬದಲು ನಂಬರು, ತಲೆಯ ಮೇಲೆ ಕೂದಲಿಲ್ಲ.

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಅಪ್ಪ ಉಡುಪಿ ಕಡೆಯವರು. ಸ್ಟೇಷನ್ ಹತ್ತಿರದ ಹೋಟೆಲೊಂದರ ಗಲ್ಲೆಯಲ್ಲಿ ಕೂತು ಬಿಲ್ಲಿನ ಹಣ ತೆಗೆದುಕೊಳ್ಳುತ್ತಿದ್ದರು. ನನ್ನನ್ನು ಸೈನ್ಯಕ್ಕೆ ಓಡಿಸಿದವಳು ಅಮ್ಮ. ನಿಜವಾಗಿಯೂ ಓಡಿಸಿದಳು. ಬೆಳಗಿನ ಜಾವ ಎಬ್ಬಿಸಿ ಪೈಪ್‌ಲೈನ್ ರಸ್ತೆಗೆ ಅಟ್ಟಿ, ನಾನು ಬರುವವರೆಗೂ ನಮ್ಮ ವಸತಿ ಸೊಸೈಟಿಯ ಗೇಟಿನಲ್ಲಿ ನಿಂತಿರುತ್ತಿದ್ದಳು. “ಇಷ್ಟು ಹೊತ್ತಾ? ಹಾಲಿನವನು ಕುಂಟುತ್ತ ಬಂದು ಕುಂಟುತ್ತ ಹೋದ” ಎನ್ನುತ್ತಿದ್ದಳು. ಪರೇಡಿಗೆ ಬಂದು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕೂರುತ್ತೇನೆಂದು ಸೊಸೈಟಿಯವರಿಗೆಲ್ಲ ಹೇಳಿಟ್ಟಿದ್ದಳು.

ತರಬೇತಿಯ ನಡುವೆ ನನಗೆ ಚಿಕನ್ ಪಾಕ್ಸ್ ಬಂತು. ಆಸ್ಪತ್ರೆಯ ಬೇರೆ ಕೋಣೆಯಲ್ಲಿ ಇರಿಸಿದರು. ಹೊರಬಂದಾಗ ನಮ್ಮ ಉಸ್ತಾದರು, ಅಂದರೆ ತರಬೇತಿ ಕೊಡುವ ಹವಾಲ್ದಾರರು, ಎಚ್ಚರಿಸಿದರು. ಇಂತಿಷ್ಟು ದಿನಕ್ಕಿಂತ ಹೆಚ್ಚು ತರಬೇತಿ ತಪ್ಪಿದರೆ ರಿಲಿಗೇಷನ್. ಅಂದರೆ ನಮ್ಮ ಬ್ಯಾಚಿನಿಂದ ತೆಗೆದು, ನಮ್ಮ ನಂತರ ಸೇರಿದ ಹಿಂದಿನ ಬ್ಯಾಚಿಗೆ ತಳ್ಳುವುದು. ಶಾಲೆಯಲ್ಲಿ ನಪಾಸಾದ ಹಾಗೆ. ಆದರೆ ಇಲ್ಲಿ ಪಾಸಾದವರ ಕಣ್ಣೆದುರಿಗೇ ಅದೇ ಮೈದಾನದಲ್ಲಿ ದಿನವೂ ಓಡಬೇಕು. ಹಾಗೆ ತಪ್ಪಬಹುದಾದ ನನ್ನ ಪಾಲಿನ ದಿನಗಳಲ್ಲಿ ಬಹುಪಾಲು ಆಸ್ಪತ್ರೆಯಲ್ಲೇ ಖರ್ಚಾಗಿದ್ದವು.

ಆಗಲೇ ಅಮ್ಮನ ಕಿಡ್ನಿ ಕೆಟ್ಟ ಸುದ್ದಿ ಬಂತು. ನಾನು ಕಂಪನಿಯ ಸುಬೇದಾರ್ ಸಾಹೇಬರ ಮುಂದೆ ನಿಂತು ರಜೆ ಕೇಳಿದೆ. ಅವರು ನಕ್ಕರು.

“ಬೇಟಾ, ಹರ್ ರಂಗ್ರೂಟ್ ಕೀ ಮಾ ಬೀಮಾರ್ ಹೋತೀ ಹೈ. ತೇರೀ ಕೌನ್ ಸೀ ನಯೀ ಹೈ?”

ಎಲ್ಲ ರಿಕ್ರೂಟರ ತಾಯಂದಿರೂ ಕಾಯಿಲೆ ಬೀಳುತ್ತಾರೆ, ನಿನ್ನದೇನು ಹೊಸತು ಎಂದು. ಅವರ ಮಾತು ಪೂರ್ತಿ ಸುಳ್ಳಲ್ಲ. ನಮ್ಮ ಬ್ಯಾರಕ್ಕಿನಲ್ಲೇ ಒಬ್ಬ, ಎಂದೋ ತೀರಿಹೋಗಿದ್ದ ಅಜ್ಜಿಯನ್ನು ಇನ್ನೊಮ್ಮೆ ಸಾಯಿಸಿ ಊರಿಗೆ ಹೋಗಿಬಂದಿದ್ದ. ನಾನು ಸೆಲ್ಯೂಟ್ ಹೊಡೆದು ಹಿಂದಿರುಗಿದೆ.

ಮುಂದಿನ ವಾರ ಅಮ್ಮ ತೀರಿಕೊಂಡಳು. ಈ ಬಾರಿ ರಜೆ ತಕ್ಷಣ ಸಿಕ್ಕಿತು. ಪ್ರಯಾಣವೂ ಸೇರಿ ಹತ್ತು ದಿನ. ರಜೆಯ ಕಾಗದದಲ್ಲಿ ಊರಿನ ಫೋನ್ ನಂಬರ್ ಬರೆಸಿಕೊಂಡರು. ನಾನು ಅಪ್ಪನ ಹೋಟೆಲಿನ ನಂಬರ್ ಕೊಟ್ಟೆ. “ಒಂದು ದಿನ ಹೆಚ್ಚಾದರೂ ಹಿಂದಿನ ಬ್ಯಾಚು, ನೆನಪಿಟ್ಟುಕೋ” ಎಂದರು ಸಾಹೇಬರು.

ನಾನು ಕಲ್ಯಾಣ್ ಸ್ಟೇಷನ್ನಿನಲ್ಲಿ ಇಳಿದು ಮನೆ ಮುಟ್ಟುವವರೆಗೆ ಅಮ್ಮನನ್ನು ಮಂಜುಗಡ್ಡೆಯ ಮೇಲೆ ಮಲಗಿಸಿ ಕಾದಿದ್ದರು. ಸ್ಮಶಾನದಲ್ಲಿ, ಬೆಂಕಿ ಇಡುವ ಮೊದಲು ಮಗನ ತಲೆ ಬೋಳಿಸಬೇಕು. ಕ್ಷೌರಿಕ ನನ್ನ ತಲೆಯ ಮೇಲಿನ ಟೋಪಿ ತೆಗೆದು ನೋಡಿ ಅಪ್ಪನ ಕಡೆ ತಿರುಗಿದ.

“ಕಾಕಾ, ಇಸ್‌ಕಾ ತೋ ಪೆಹಲೇ ಸೇ ಸಾಫ್ ಹೈ. ಕ್ಯಾ ನಿಕಾಲೂ?”

ಇವನದು ಮೊದಲೇ ಬೋಳು, ಏನು ತೆಗೆಯಲಿ ಎಂದು. ಎರಡು ದಿನದ ಹಿಂದಷ್ಟೇ ಕೇಂದ್ರದಲ್ಲಿ ಮಷೀನು ಓಡಿಸಿದ್ದರು. ಅಪ್ಪ ತಲೆ ತಗ್ಗಿಸಿ, “ಶಾಸ್ತ್ರಕ್ಕೆ ಒಂದು ಸಲ ಕತ್ತಿ ಆಡಿಸಿಬಿಡು” ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ಅವನು ನೀರು ಹಚ್ಚಿ ಬರಿ ಚರ್ಮದ ಮೇಲೆ ಕತ್ತಿ ಎಳೆದ. ನೆಲಕ್ಕೆ ಏನೂ ಬೀಳಲಿಲ್ಲ.

ಬೊಜ್ಜ, ಅಂದರೆ ಉತ್ತರಕ್ರಿಯೆ, ಹದಿಮೂರನೆಯ ದಿನಕ್ಕೆ ಗೊತ್ತಾಯಿತು. ನನ್ನ ರಜೆ ಅದಕ್ಕೆ ಮೊದಲೇ ಮುಗಿಯುತ್ತಿತ್ತು. ನಿಂತರೆ ಬ್ಯಾಚು ಹೋಗುತ್ತದೆ, ಹೋದರೆ ಅಮ್ಮನ ಬೊಜ್ಜ ತಪ್ಪುತ್ತದೆ. ಊರಿನಿಂದ ಬಂದಿದ್ದ ದೊಡ್ಡಮ್ಮ ಎಲ್ಲರ ಎದುರಿಗೆ ಕೇಳಿಬಿಟ್ಟರು.

“ಹೆತ್ತವಳ ಎಲೆಗೆ ಅನ್ನ ಬಡಿಸದೆ ಹೋಗುವವನು ಎಂಥ ಸಿಪಾಯಿ ಮಾರಾಯಾ? ದೇಶ ಎರಡು ದಿನ ಕಾಯುವುದಿಲ್ಲವಾ?”

“ದೇಶ ಕಾಯ್ತದೆ ಅತ್ತಿಗೆ, ಆಫೀಸು ಕಾಯುವುದಿಲ್ಲ” ಎಂದರು ಅಪ್ಪ. ಆಮೇಲೆ ನನ್ನನ್ನು ಬಾಲ್ಕನಿಗೆ ಕರೆದರು. “ನೀನು ಹೋಗು ಮಗಾ. ಬೊಜ್ಜ ನಾನು ಮಾಡ್ತೇನೆ. ಅವಳು ಇದ್ದಿದ್ದರೆ ಇವತ್ತೇ ಓಡಿಸ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಆ ಪರೇಡು, ಈ ಅನ್ನ ಅಲ್ಲ.”

ನಾನು ಹೊರಟೆ. ದೊಡ್ಡಮ್ಮ ಬಾಗಿಲವರೆಗೂ ಬರಲಿಲ್ಲ.

ರಜೆ ಮುಗಿಯುವ ಹಿಂದಿನ ಸಂಜೆಯೇ ಕೇಂದ್ರ ಮುಟ್ಟಿದೆ. ಬ್ಯಾರಕ್ಕಿನಲ್ಲಿ ನನ್ನ ಮಂಚದ ಮೇಲೆ ಹಾಸಿಗೆ ಇರಲಿಲ್ಲ. ಟ್ರಂಕನ್ನು ಎದುರಿನ ಸಾಲಿನ ಬ್ಯಾರಕ್ಕಿಗೆ, ಹಿಂದಿನ ಬ್ಯಾಚಿಗೆ, ಸಾಗಿಸಿದ್ದರು. ಏನೋ ತಪ್ಪಾಗಿದೆ ಎಂದುಕೊಂಡು ಕಂಪನಿ ಆಫೀಸಿಗೆ ಹೋದೆ. ತಪ್ಪಾಗಿರಲಿಲ್ಲ. ಫೈರಿಂಗ್ ರೇಂಜ್ ನಮ್ಮ ಕಂಪನಿಗೆ ನಿಗದಿಗಿಂತ ಮೊದಲೇ ಸಿಕ್ಕಿತ್ತು. ನಾನು ಮನೆ ಮುಟ್ಟಿ ಮೂರು ದಿನ ಆಗುವಷ್ಟರಲ್ಲಿ ಬ್ಯಾಚಿನ ಫೈರಿಂಗ್ ಪರೀಕ್ಷೆ ಮುಗಿದುಹೋಗಿತ್ತು. ಆ ಪರೀಕ್ಷೆ ಇಲ್ಲದೆ ಕಸಮ್ ಪರೇಡ್ ಇಲ್ಲ. ನನ್ನ ರಿಲಿಗೇಷನ್ ಅಂದೇ ಆಗಿತ್ತು.

“ಹಾಗಾದರೆ ನಾನು ಬೊಜ್ಜ ಮುಗಿಸಿಯೇ ಬರಬಹುದಿತ್ತಲ್ಲ ಸಾಹೇಬ್” ಎಂದೆ ಅಲ್ಲಿದ್ದ ಕ್ಲರ್ಕಿಗೆ, ಹಿಂದಿಯಲ್ಲಿ. ಬೊಜ್ಜ ಎಂಬ ಮಾತಿಗೆ ಹಿಂದಿ ಹೊಳೆಯಲಿಲ್ಲ, ಹಾಗೇ ಹೇಳಿದೆ.

ಕ್ಲರ್ಕ್ ತಲೆ ಎತ್ತಿದ. “ತೋ ರುಕ್ ಜಾತಾ. ಜಲ್ದೀ ಆನೇ ಕೋ ಕಿಸ್‌ನೇ ಬೋಲಾ?”

ನಿಲ್ಲಬೇಕಿತ್ತು, ಬೇಗ ಬಾ ಎಂದವರು ಯಾರು ಎಂದು. ಅವನ ಮೇಜಿನ ಮೇಲೆ ಫೋನಿತ್ತು. ಹೋಟೆಲಿನ ನಂಬರ್ ಬರೆದ ನನ್ನ ರಜೆಯ ಕಾಗದವೂ ಅದೇ ಕೋಣೆಯಲ್ಲಿತ್ತು.

ಡೊಂಬಿವಲಿಯಲ್ಲಿ ಬೊಜ್ಜ ನಡೆದ ದಿನ ನಾನು ಹೊಸ ಬ್ಯಾಚಿನವರ ಜೊತೆ ರೈಫಲ್ ತಲೆಯ ಮೇಲೆ ಎತ್ತಿ ಮೈದಾನ ಸುತ್ತುತ್ತಿದ್ದೆ. ತಾಯಿ ಸತ್ತವನು ಎಂದು ಯಾರಿಗೂ ತಿಳಿಯಲಿಲ್ಲ. ತಿಳಿಯುವುದಾದರೂ ಹೇಗೆ? ಆ ಮೈದಾನದಲ್ಲಿ ಎಲ್ಲರ ತಲೆಯೂ ನನ್ನ ತಲೆಯ ಹಾಗೇ ಇತ್ತು.

ನನ್ನ ಮೊದಲಿನ ಬ್ಯಾಚಿನ ಪರೇಡಿನ ದಿನಕ್ಕೆ ಹೋಟೆಲ್ ಮಾಲೀಕರು ಅಪ್ಪನಿಗೆ ರಜೆ ಒಪ್ಪಿದ್ದರು. ನನ್ನ ಪರೇಡು ಗಣಪತಿ ಹಬ್ಬದ ಗಿರಾಕಿಗಳ ನಡುವೆ ಬಂತು. ಬೊಜ್ಜಕ್ಕೆ ಈಗಾಗಲೇ ರಜೆ ಹಾಕಿದ್ದ ಅಪ್ಪನಿಗೆ ಮತ್ತೆ ಬಿಡಲಿಲ್ಲ. ಮುಂದಿನ ಸಾಲಿನಲ್ಲಿ ಬೇರೆಯವರ ತಾಯಂದಿರು ಕೂತಿದ್ದರು.

ಮುಂದೆ ನೌಕರಿ ಎಲ್ಲರ ನೌಕರಿಯಂತೆ ನಡೆಯಿತು. ೨೦೧೮ರಲ್ಲಿ ನಿವೃತ್ತನಾಗಿ ನವಿ ಮುಂಬೈನ ಮಹಾಪೆಯ ಒಂದು ಕಂಪನಿಯಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದೆ. ಮರುವರ್ಷ ಅಪ್ಪ ತೀರಿಕೊಂಡರು. ಈ ಸಲ ಕ್ಷೌರಿಕನ ಕತ್ತಿಗೆ ಕೂದಲು ಸಿಕ್ಕಿತು, ಅಲ್ಲಲ್ಲಿ ಬಿಳಿ. ಬೊಜ್ಜ ಮುಗಿಸಿ ಗೇಟಿಗೆ ಬಂದಾಗ ಕಲಬುರಗಿಯ ಗಾರ್ಡ್ ಮಲ್ಲಪ್ಪ ನನ್ನ ತಲೆ ನೋಡಿ ಎದ್ದು ನಿಂತ.

“ಯಾರ್ ತೀರ್ಕೊಂಡ್ರರೀ ಸಾಹೇಬ್ರ?”

ಲಿಫ್ಟಿನವನು ಕೇಳಿದ, ಕ್ಯಾಂಟೀನಿನ ಹುಡುಗಿ ಕೇಳಿದಳು. ಅಪ್ಪ, ಅಪ್ಪ ಎಂದು ಹೇಳುತ್ತ ಹೋದೆ. ಅಮ್ಮನ ಬಗ್ಗೆ ಹೀಗೆ ಒಬ್ಬರೂ ಕೇಳಿರಲಿಲ್ಲ.

ನನ್ನ ಕೈಕೆಳಗಿನವರು ಊರಿಗೆ ಹೊರಟಾಗ ನಾನೂ ನಂಬರ್ ಬರೆಸಿಕೊಳ್ಳುತ್ತೇನೆ. ಇಲ್ಲಿ ಏನಾದರೂ ಬದಲಾದರೆ ಅದೇ ದಿನ ಫೋನ್ ಮಾಡುತ್ತೇನೆ. ನಂಬರ್ ಬರೆಸಿಕೊಂಡವನು ಫೋನ್ ಮಾಡಬೇಕು. ಹದಿನೈದು ವರ್ಷ ಮೀರಿದ ನೌಕರಿಯಲ್ಲಿ ನಾನು ಕಲಿತದ್ದು ಇಷ್ಟೇ, ಅದನ್ನೂ ಮೊದಲ ವರ್ಷದಲ್ಲೇ ಕಲಿತಿದ್ದೆ.