ಹೊಲ ಉಣ್ಣುವ ಮೊದಲು

ಹನ್ನೊಂದು ಗಂಟೆ ನಲವತ್ತು ನಿಮಿಷ. ಇಷ್ಟು ಖಚಿತವಾಗಿ ಹೇಳಲು ಕಾರಣ, ಆ ಹೊತ್ತಿಗೆ ನಾನು ಫೋನಿನಲ್ಲಿ ಒಂದು ಚಿತ್ರ ತೆಗೆದಿದ್ದೆ. ಬೇವೂರಿನ ನಮ್ಮ ಎರೆ ಹೊಲದಲ್ಲಿ, ಎದೆಯೆತ್ತರ ನಿಂತ ಬಿಳಿಜೋಳದ ಸಾಲಿನಲ್ಲಿ ನನ್ನ ಗಂಡನ ಕಾಕಾ ಮುಂದೆ ಚರಗ ಚೆಲ್ಲುತ್ತ ನಡೆದಿದ್ದಾರೆ. ಹಿಂದೆ ನನ್ನ ಅತ್ತೆ ನೀಲವ್ವ, ಬಿಳಿ ಬಟ್ಟೆ ಮುಚ್ಚಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡಿದ್ದಾರೆ. ಅಂದು ಎಳ್ಳಮಾವಾಸ್ಯೆ. ಚಿತ್ರದಲ್ಲಿ ಎಲ್ಲವೂ ಚೆನ್ನಾಗಿದೆ. ಹತ್ತಿರಕ್ಕೆ ತಂದು ನೋಡಿದರೆ ಮಾತ್ರ, ಡಿಸೆಂಬರಿನ ಆ ತಣ್ಣನೆ ಗಾಳಿಯಲ್ಲೂ ಅತ್ತೆಯ ಹಣೆಯ ಮೇಲೆ ಬೆವರು ಕಾಣುತ್ತದೆ. ಈ ಚಿತ್ರವನ್ನು ನಾನು ಎಷ್ಟು ಸಲ ಹತ್ತಿರಕ್ಕೆ ತಂದು ನೋಡಿದ್ದೇನೋ ಲೆಕ್ಕವಿಲ್ಲ.

ನಮ್ಮ ಕಡೆಯ ಈ ಆಚರಣೆ ಕಾಣದವರಿಗೆ ಎರಡು ಮಾತು ಹೇಳಬೇಕು. ಬೆಳೆ ತುಂಬಿ ನಿಂತ ಕಾಲದಲ್ಲಿ ಭೂಮಿತಾಯಿ ಬಸುರಿ. ಬಸುರಿಯ ಬಯಕೆ ತೀರಿಸಬೇಕು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಎಲ್ಲವನ್ನೂ ಹೊಲಕ್ಕೆ ಒಯ್ದು, ಪೂಜೆಗೆ ಐದು ಕಲ್ಲು ಇಟ್ಟು, ಮೊದಲ ತುತ್ತನ್ನು ಚರಗವೆಂದು ಸುತ್ತಲೂ ಚೆಲ್ಲಿ ಬರಬೇಕು. ಮುಂದಿನವರು 'ಹುಲ್ಲುಲ್ಲಿಗೋ' ಎಂದರೆ ಹಿಂದಿನವರು 'ಚಲಾಂಬ್ರಿಗೋ' ಎನ್ನಬೇಕು. ಹೊಲ ಉಣ್ಣುವ ತನಕ ಅಡುಗೆ ಮಾಡಿದ ಕೈಗಳು ಉಣ್ಣುವುದಿಲ್ಲ. ಮಕ್ಕಳಿಗೆ ರಿಯಾಯಿತಿ ಉಂಟು, ಗಂಡಸರು ಮರೆಯಲ್ಲಿ ಚಹಾ ಕುಡಿದಿರುತ್ತಾರೆ. ಹೆಂಗಸರಿಗೆ ಮಾತ್ರ ಅದು ಮುರಿಯಬಾರದ ನೇಮ, ಅಷ್ಟೇ ಅಲ್ಲ, ಮುರಿಯಲು ಮನಸ್ಸೂ ಬಾರದ ಒಂದು ದೊಡ್ಡಸ್ತಿಕೆ.

ಹನ್ನೊಂದು ನಲವತ್ತರ ನಂತರದ ಕೂಗಿಗೆ ಅತ್ತೆ 'ಚಲಾಂಬ್ರಿಗೋ' ಎನ್ನಲಿಲ್ಲ. "ಹಾಲು ಉಕ್ಕತಾವ ನೋಡು" ಎಂದರು. ಕಾಕಾ ನಕ್ಕರು, ಅತ್ತೆಯ ತಮಾಷೆ ಇಡೀ ಬೇವೂರಿಗೆ ಗೊತ್ತು. ಮರುಗಳಿಗೆಯಲ್ಲಿ ಅತ್ತೆ ಬುಟ್ಟಿಯ ಸಮೇತ ಸಾಲಿನ ನಡುವೆ ಕುಸಿದು ಕುಳಿತರು.

ನಾನು ಗಂಗಾವತಿಯವಳು. ಕಾಲುವೆ ನೀರಿನ ಹಸಿರಿನಲ್ಲಿ, ಎರಡು ಹೊತ್ತೂ ಅನ್ನ ಉಂಡು ಬೆಳೆದವಳು. ನಮ್ಮಲ್ಲಿ ಬೇವೂರಿರುವ ಈ ಯಲಬುರ್ಗಾ ಕುಷ್ಟಗಿ ಕಡೆ ಎಂದರೆ 'ಒಣ ಸೀಮೆ' ಎಂಬ ಒಂದು ಸಣ್ಣ ಬಿಗುಮಾನದ ಮಾತಿತ್ತು. ಮದುವೆಯಾಗಿ ಬಂದಾಗ ಅತ್ತೆ ನನ್ನ ಗೌರವಾರ್ಥ ದಿನವೂ ಅನ್ನ ಮಾಡಿದರು. ಆಮೇಲೆ ಗಂಡನಿಗೆ ಗಿಣಿಗೇರಾದ ಕಾರ್ಖಾನೆಯಲ್ಲಿ ಕೆಲಸವಾಗಿ, ನಾವೆಲ್ಲ ಕೊಪ್ಪಳಕ್ಕೆ ಬಂದ ಮೇಲೆ, ಗೌರವಕ್ಕೆ ಬಂದ ಅನ್ನ ಮನೆಯ ಯಜಮಾನನಾಯಿತು: ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ಉಳಿದ ಅನ್ನದ ಚಿತ್ರಾನ್ನ. ರೊಟ್ಟಿ ಭಾನುವಾರದ ಅತಿಥಿ. ಸಕ್ಕರೆ ಕಾಯಿಲೆ ಎಂಬುದು ಬಾಗಿಲು ಬಡಿದು ಬರುವಂಥದಲ್ಲ. ಮನೆಯವರಂತೆಯೇ ಒಳಗೆ ಬಂದು, ಎಷ್ಟೋ ಕಾಲ ನಮ್ಮ ಪಂಕ್ತಿಯಲ್ಲೇ ಕುಳಿತು ಉಣ್ಣುತ್ತಿರುತ್ತದೆ.

ತವರಿನ ಅನ್ನವನ್ನು ನಾನು ಅಪರಾಧಿಯೆಂದು ಕರೆಯಲಾರೆ. ಕೆಸರಿನಲ್ಲಿ ಬಗ್ಗಿ ನಾಟಿ ಹಚ್ಚುವವರು ತಟ್ಟೆ ತುಂಬ ಅನ್ನ ಉಂಡು ಅರಗಿಸಿಕೊಂಡಿದ್ದಾರೆ. ಊಟ ಉಳಿದು ದುಡಿಮೆ ಹೋದಾಗ ಲೆಕ್ಕ ತಪ್ಪಿತು. ಇದನ್ನು ಅತ್ತೆ ನನಗಿಂತ ಚೆನ್ನಾಗಿ ಹೇಳಿದ್ದರು: "ಕೊಪ್ಪಳಕ್ಕ ಬಂದಮ್ಯಾಲೆ ಹೊಟ್ಟಿ ಸಾವುಕಾರ ಆತು, ಮೈ ಕೂಲಿ ಬಿಟ್ಟಿತು." ಅತ್ತೆಗೆ ಸಕ್ಕರೆ ಕಾಯಿಲೆ ಗೊತ್ತಾಗಿ ಗುಳಿಗೆ ಬರೆದುಕೊಟ್ಟ ದಿನವೇ ವೈದ್ಯರು, ಅನ್ನ ಕಡಿಮೆ ಮಾಡಿ, ರೊಟ್ಟಿಯೇನೂ ಅಮೃತವಲ್ಲ, ಅದನ್ನೂ ಮಿತಿಯಲ್ಲೇ ತಿನ್ನಬೇಕು ಎಂದು ಹೇಳಿದ್ದರು. ಅತ್ತೆ ಮಿತಿಯನ್ನೇ ಹಟವಾಗಿಸಿಕೊಂಡರು. ಅನ್ನ ಅಂಗೈಯಷ್ಟಾಯಿತು; ರೊಟ್ಟಿಗೆ ಮೊಳಕೆ ಕಾಳು, ಸೊಪ್ಪು ಜೊತೆಯಾದವು; ಸಂಜೆ ಬೀದಿಯ ಹೆಂಗಸರನ್ನೆಲ್ಲ ಎಬ್ಬಿಸಿಕೊಂಡು ನಡೆಯುವುದು ಶುರುವಾಯಿತು. ಮುಖದಲ್ಲಿ ಹಳೆಯ ಚುರುಕು ಮರಳುವುದನ್ನು ಕಂಡು ಆಫೀಸಿನಲ್ಲಿ ನಾನು ಅವರ ವಿಷಯ ಹೇಳಿಕೊಂಡು ತಿರುಗಿದ್ದೆ. ಊಟ ಇಳಿದಂತೆ ಗುಳಿಗೆಯೂ ಇಳಿಯಬೇಕಾದೀತು, ಅದಕ್ಕಾಗಿ ವೈದ್ಯರನ್ನು ಮತ್ತೆ ಕಾಣಬೇಕು ಎಂಬುದು ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗುಳಿಗೆ ತಪ್ಪಿಸಬೇಡಿ ಎಂದಿದ್ದರು, ಅತ್ತೆ ತಪ್ಪಿಸಲಿಲ್ಲ. ಎಳ್ಳಮಾವಾಸ್ಯೆಯ ಬೆಳಿಗ್ಗೆಯೂ ಹೊತ್ತಿಗೆ ಸರಿಯಾಗಿ ನುಂಗಿ, ಬುಟ್ಟಿ ಕಟ್ಟಿ, ತಡವಾದ ಟ್ರ್ಯಾಕ್ಟರಿಗಾಗಿ ಖಾಲಿ ಹೊಟ್ಟೆಯಲ್ಲಿ ನಗುನಗುತ್ತ ಕಾದಿದ್ದರು.

ಈಗ ಯೋಚಿಸಿ ನೋಡಿ. ಅಷ್ಟೊಂದು ಅನ್ನಾಹಾರದ ನಡುವೆ, ಹೋಳಿಗೆ ಕಡುಬುಗಳ ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡು, ಒಬ್ಬ ಹೆಂಗಸು ರಕ್ತದಲ್ಲಿ ಸಕ್ಕರೆ ಸಾಲದೆ ನಮ್ಮ ಕೈ ಬಿಟ್ಟು ಹೋಗುತ್ತಿದ್ದಳು. ಯಾರೋ ಗಾಳಿ ಬೀಸಿದರು, ಯಾರೋ ದೃಷ್ಟಿಯಾಗಿದೆ ಎಂದರು. 'ಬೆವರಿ ಕೈ ನಡುಗಿದರೆ, ಮಾತು ತಪ್ಪಿದರೆ, ನುಂಗುವಷ್ಟು ಎಚ್ಚರ ಇರುವಾಗಲೇ ಸಿಹಿ ಕೊಡಿ' ಎಂದು ವೈದ್ಯರು ಮೊದಲ ದಿನ ಹೇಳಿದ್ದು ನನ್ನ ತಲೆಯ ಯಾವ ಮೂಲೆಯಲ್ಲಿತ್ತೋ, ನೆನಪಿಗೆ ಬಂತು. ಕಲ್ಲುಗಳ ಮುಂದೆ ನೈವೇದ್ಯಕ್ಕಿಟ್ಟ ಬೆಲ್ಲದ ತುಣುಕುಗಳನ್ನು ಬಾಚಿ ತಂಬಿಗೆಯ ನೀರಿಗೆ ಹಾಕಿ ಕಿವುಚತೊಡಗಿದೆ. ಚಿಗವ್ವ, ಎಂದರೆ ಕಾಕಾನ ಹೆಂಡತಿ, ನನ್ನ ಮುಂಗೈ ಹಿಡಿದರು.

"ಅಕಿಗೆ ಸಕ್ಕರಿ ಐತಿ. ಬೆಲ್ಲ ಕುಡಿಸಿ ಕೊಲ್ಲತೀ ಏನವಾ?"

ಅದರಲ್ಲಿ ದ್ವೇಷವಿರಲಿಲ್ಲ, ಅಕ್ಕನಂಥ ಓರಗಿತ್ತಿಯನ್ನು ಉಳಿಸಿಕೊಳ್ಳುವ ಹಟವೇ ಇತ್ತು. ಸಕ್ಕರೆಯವರಿಗೆ ಬೆಲ್ಲ ವಿಷ ಎಂಬುದನ್ನು ಇಷ್ಟು ನಿಷ್ಠೆಯಿಂದ ಕಲಿತ ಮನೆ ನಮ್ಮದು.

"ಕೈ ಬಿಡ್ರಿ ಚಿಗವ್ವ. ಸಕ್ಕರಿ ಹೆಚ್ಚಾಗಿಲ್ಲ, ಖಾಲಿ ಆಗೇತಿ."

ನನ್ನ ದನಿ ನನ್ನದೇ ಎನಿಸಲಿಲ್ಲ. ಹಿಡಿತ ಸಡಿಲವಾಯಿತು. ಅತ್ತೆಯನ್ನು ಎತ್ತಿ ಕೂರಿಸಿ ಗುಟುಕು ಗುಟುಕಾಗಿ ಕುಡಿಸಿದೆ. ಮೊದಲ ಗುಟುಕು ಸೀರೆಯ ಮೇಲೆ ಹರಿಯಿತು, ಎರಡನೆಯದು ಗಂಟಲಿಗಿಳಿಯಿತು. ಆಮೇಲಿನ ಕಾಯುವಿಕೆಯೇ ಇಂದಿಗೂ ನನ್ನನ್ನು ಬೆದರಿಸುವುದು. ನನ್ನ ಲೆಕ್ಕ ತಪ್ಪಾಗಿದ್ದರೆ? ಜೋಳದ ಗರಿಗಳು ಒಂದಕ್ಕೊಂದು ತೀಡುತ್ತಿದ್ದವು. ಕೊನೆಗೆ ಅತ್ತೆ ಕಣ್ಣು ನೆಟ್ಟಗೆ ಮಾಡಿ ಸುತ್ತ ನೆರೆದ ಮುಖಗಳನ್ನು ನೋಡಿ ಕೇಳಿದರು: "ಚರಗ ಮುಗೀತೇನು?"

ಒಂದಿಷ್ಟು ತಿನ್ನಿಸಿ, ಸಿಕ್ಕ ಜೀಪಿನಲ್ಲಿ ಕೊಪ್ಪಳಕ್ಕೆ ಕರೆತಂದೆವು. ಗುಳಿಗೆಯ ಪ್ರಭಾವ ಮತ್ತೆ ಕೆಳಗೆ ಎಳೆಯಬಹುದೆಂದು ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಅತ್ತೆಯ ಪಥ್ಯದ ವಿವರ ಕೇಳಿ ವೈದ್ಯರು ಗುಳಿಗೆ ಇಳಿಸಿದರು. ನೋಡಲು ಬಂದ ನೆಂಟರು ಸುಮ್ಮನಿರುತ್ತಾರೆಯೇ? ಅನ್ನ ಬಿಟ್ಟು ಒಣ ರೊಟ್ಟಿ ತಿಂದಿದ್ದರ ಫಲ ಇದು ಎಂದು ತೀರ್ಪು ಕೊಟ್ಟರು. ಮಂಚದ ಮೇಲಿಂದ ಅತ್ತೆಯ ಉತ್ತರ ತಟ್ಟನೆ ಬಂತು: "ರೊಟ್ಟಿ ತಿಂದು ಬಿದ್ದಿಲ್ಲವಾ ನಾ. ತಿನ್ನದs ಬಿದ್ದೀನಿ."

ಆ ಒಂದು ಮಾತಿನ ಮೇಲೆ ನಾನು ತಿಂಗಳುಗಟ್ಟಲೆ ಯೋಚಿಸಿದ್ದೇನೆ. ಏನು ತಿನ್ನಬೇಕು ಎಂದು ಹೇಳುವವರು ಇಂದು ಬೀದಿಗೊಬ್ಬರಿದ್ದಾರೆ: ಅಕ್ಕಿ ಬಿಡಿ, ಸಿರಿಧಾನ್ಯ ಹಿಡಿಯಿರಿ. ಆದರೆ ಯಾರು ಯಾವಾಗ ಉಣ್ಣುತ್ತಾರೆ ಎಂದು ನಮ್ಮ ಅಡುಗೆಮನೆಗಳನ್ನು ಕೇಳಿದವರಿಲ್ಲ. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಹೆಂಗಸಿನ ಹಸಿವು ನಮ್ಮಲ್ಲಿ ಸದ್ಗುಣ. ರೋಗಕ್ಕೆ ಸದ್ಗುಣ ಗೊತ್ತಾಗುವುದಿಲ್ಲ, ಹೊತ್ತು ಗೊತ್ತಾಗುತ್ತದೆ.

ಮನೆಗೆ ಬಂದ ಮೇಲೆ ನನ್ನ ನಿದ್ದೆ ಹರಿದುಹೋಯಿತು. ನಡುವೆ ಎಚ್ಚರವಾದಾಗೆಲ್ಲ ಎದ್ದು ಹೋಗಿ ಅತ್ತೆಯ ಹಣೆ ಮುಟ್ಟುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಅವರು "ಇನ್ನೂ ಅದೀನಿ, ಹೋಗು" ಎನ್ನುತ್ತಿದ್ದರು. ನಗುತ್ತಿದ್ದೆ, ಮರಳಿ ಮಲಗಿದರೂ ಕಿವಿ ಮಾತ್ರ ಮಲಗುತ್ತಿರಲಿಲ್ಲ. ನನಗೆ ಅಂಜಿಕೆ ಇದ್ದದ್ದು ಕಾಯಿಲೆಗಿಂತ ಹೆಚ್ಚಾಗಿ ಅವರ ಆ ದೊಡ್ಡಸ್ತಿಕೆಯದು. ನಾಲ್ಕು ಜನರ ನಡುವೆ ಮತ್ತೆ ಹಸಿದು ಕೂತರೆ?

ಬೇಸಿಗೆಯಲ್ಲಿ ಯಲಬುರ್ಗಾದಲ್ಲಿ ಅತ್ತೆಯ ಅಕ್ಕನ ಮೊಮ್ಮಗಳ ಮದುವೆ ಬಂತು. ನನಗೆ ರಜೆಯಿರಲಿಲ್ಲ, ಅತ್ತೆ ಒಬ್ಬರೇ ಬಸ್ಸು ಹತ್ತಿದರು. ಹಿರಿಯ ಹೆಂಗಸರು ವಧೂವರರ ತಲೆಯ ಮೇಲೆ ಅಕ್ಕಿಕಾಳು ಬೀಳುವ ತನಕ ಬಾಯಿಗೆ ಏನೂ ಹಾಕದ ಮನೆತನ ಅದು. ಮರುದಿನ ನಾನು ಆಫೀಸಿನಲ್ಲಿ ಗಡಿಯಾರ ನೋಡುತ್ತ ಕುಳಿತೆ. ಮುಹೂರ್ತಕ್ಕೆ ಇನ್ನೂ ಬಹಳ ಹೊತ್ತಿದ್ದಾಗಲೇ ಫೋನು ಬಂತು. ಹಿಂದೆ ಓಲಗದ ಗದ್ದಲ. ಅಡುಗೆಯವರ ಹತ್ತಿರ ಹೋಗಿ, ಎಲ್ಲರ ಎದುರಿಗೇ ಚಾಪೆ ಹಾಕಿಕೊಂಡು ಕುಳಿತು ಉಂಡರಂತೆ. ಒಬ್ಬಾಕೆ, ಇಷ್ಟರಲ್ಲೇ ಹಸಿವಾಯಿತೇ ಎಂದು ಚುಚ್ಚಿದಳಂತೆ.

"ನೀವು ಏನಂದ್ರಿ ಅತ್ತಿ?"

"ಹಸಿವಲ್ಲವಾ, ಇದು ನನ್ನ ನೇಮ ಅಂದೆ. ಆಕಿಗೂ ಸಕ್ಕರಿ ಐತಂತ. ಕುಂದರಸಿಕೊಂಡು ಒಂದ್ ರೊಟ್ಟಿ ತಿನ್ನಿಸೀನಿ."

ಫೋನು ಇಟ್ಟ ಮೇಲೆ ಪಕ್ಕದ ಮೇಜಿನವರು ಏಕೆ ನಗುತ್ತಿದ್ದೀರಿ ಎಂದು ಕೇಳಿದರು. ನಮ್ಮ ಅತ್ತೆ ಉಂಡರಂತೆ ಎಂದೆ. ಅವರಿಗೆ ಅರ್ಥವಾಗಲಿಲ್ಲ. ಅಂದು ರಾತ್ರಿ ಮಲಗಿದವಳು, ಗಿಣಿಗೇರಾದಲ್ಲಿ ರಾತ್ರಿಪಾಳಿ ಮುಗಿಸಿ ಬಂದ ಗಂಡ ಬಾಗಿಲು ಬಡಿದು ಬಡಿದು ಕೊನೆಗೆ ಕಿಟಕಿಗೆ ಬಂದು ಹೆಸರು ಹಿಡಿದು ಕೂಗಿದಾಗಲೇ ಎದ್ದದ್ದು. ಅಂಗಳದ ತುಂಬ ಬಿಸಿಲು ಬಿದ್ದಿತ್ತು.