ಬೆಲ್ಜಿಯಂ ಬಿಯರು, ಕಮಠಾಣದ ಗಡಿಗೆ

ಗೆಳೆಯರೇ, ಬೀದರಿನ ನಮ್ಮ ಮನೆಯಲ್ಲಿ ಇಂದು ಮೊದಲ ಸಲ ಬಿಯರ್ ವಾಸನೆ ಬಂತು. ನನ್ನ ತಮ್ಮ ಹೈದರಾಬಾದಿನಿಂದ ಮೂರು ದೇಶದ ಬಾಟಲಿ ತಂದಿದ್ದ. ಜರ್ಮನಿಯದು ಗೋಧಿಯದು, ಐರ್ಲೆಂಡಿನದು ಹುರಿದ ಬಾರ್ಲಿಯದು, ಡಿಕಾಕ್ಷನ್ನಿನಷ್ಟು ಕಪ್ಪು. ಮೂರನೆಯದು ಬೆಲ್ಜಿಯಂನದು, ಹುಳಿ ಬಿಯರು.

"ಈ ಬೆಲ್ಜಿಯಂನವ್ರು ಈಸ್ಟೇ ಹಾಕಂಗಿಲ್ಲ. ಮಾಳಿಗಿ ಜೇಡರ ಬಲಿನೂ ತಗ್ಯಂಗಿಲ್ಲ. ಬಿಯರ್ ಹುಳಿ ಬರಸೋದು ಅಲ್ಲೇ ಗಾಳ್ಯಾಗ, ಧೂಳ್ಯಾಗ ಇರ್ತದಂತ" ಎಂದು ಅವನು ಹೇಳುತ್ತಿರುವಾಗಲೇ ಅಜ್ಜಿ ಬಂದಳು. ಕೊರಳಲ್ಲಿ ಲಿಂಗ, ಕೈಯಲ್ಲಿ ಸೌಟು. ಬೈಗುಳ ಬಿತ್ತೆಂದೇ ತಲೆ ತಗ್ಗಿಸಿದೆವು.

ಅವಳು ಬೆಲ್ಜಿಯಂ ಗ್ಲಾಸು ಮೂಸಿದಳು. "ಶಾಣ್ಯಾ ಮಂದಿ ನೋಡು. ನಾನೂ ಅಂಬಲಿ ಗಡಿಗಿ ತೊಳ್ಯಂಗಿಲ್ಲ. ಹೊಸಾ ಗಡಿಗಿ ತಂದ್ರೂ ಹಳೀ ಹುಳಿನೇ ಒಂದು ಸೌಟು ಹಾಕ್ತೇನಿ."

"ಯಾವಾಗಿನ ಹುಳಿ ಅಜ್ಜಿ?" ಎಂದೆ ನಾನು.

"ನಮ್ಮವ್ವಂದು. ಪೊಲೀಸ್ ಆಕ್ಷನ್ ಗದ್ಲದಾಗ ನಮ್ಮೂರು ಕಮಠಾಣ ಬಿಟ್ಟು ಓಡುವಾಗ ನಾ ಸಣ್ಣಾಕಿ. ಆಕಿ ಬೆಳ್ಳಿ ಮನ್ಯಾಗ ಬಿಟ್ಟು ಗಡಿಗಿ ಹೊತ್ಕೊಂಡಳು. ಬೆಳ್ಳಿ ಮತ್ತ ಮಾಡಸಬಹುದು, ಹುಳಿ ಯಾವ ಅಕ್ಕಸಾಲಿಗ ಮಾಡ್ತಾನ?"

ಆ ಗದ್ದಲದಲ್ಲಿ ನಿಜಾಮನ ಸರ್ಕಾರವೇ ಹೋಯಿತು. ಬೆಳಿಗ್ಗೆ ನಾನು ಕುಡಿದದ್ದು ಅದೇ ಹುಳಿ.

ತಮ್ಮ ಕೈಮುಗಿದು ಒಂದು ಸೌಟು ಹುಳಿ ಕೇಳಿದ.

"ಬಾಟ್ಲಿ ಶೆರಿ ಮುಟ್ಟಿದ ಕೈಯಾಗ ಕೊಡಂಗಿಲ್ಲ."

ಬೆಲ್ಜಿಯಂನವರಾದರೂ ಹುಳಿ ಮಾರುತ್ತಾರೆ.