ಪೂವಪ್ಪಣ್ಣ ಓದಿದ ಮೇಜರ್ ಕಾದಂಬರಿ

ಕೊಲ್ಲಿ ದೇಶದಲ್ಲಿರುವ ನಮ್ಮ ಕಂಪನಿಯ ಘಾಲಾ ಗ್ಯಾರೇಜಿನ ಸ್ಟೋರಿನಲ್ಲಿ ಪೂವಪ್ಪಣ್ಣನದು ಒಂದೇ ಕಾನೂನು. ಹಳೆಯದನ್ನು ತಂದುಕೊಟ್ಟರೆ ಮಾತ್ರ ಹೊಸದು. ಫಿಲ್ಟರ್ ಬೇಕೇ, ಹಳೆ ಫಿಲ್ಟರ್ ತಾ. ಬೆಲ್ಟ್ ಬೇಕೇ, ಹರಿದ ಬೆಲ್ಟ್ ತೋರಿಸು. ಮ್ಯಾನೇಜರೇ ಬಂದು ಬಲ್ಬ್ ಕೇಳಿದರೂ ಸುಟ್ಟುಹೋದ ಬಲ್ಬಿಗಾಗಿ ಕೈಚಾಚುವ ಮನುಷ್ಯ. ಈ ಅಭ್ಯಾಸ ಮನೆಯವರೆಗೂ ಹಬ್ಬಿತ್ತು. ಹೊಸ ಚಪ್ಪಲಿ ಕೊಂಡರೆ ಹಳೆ ಚಪ್ಪಲಿ ಅಂಗಡಿಯ ಹೊರಗಿನ ಕಸದ ಡಬ್ಬಿಗೇ ಹೋಗಬೇಕು, ಇಲ್ಲದಿದ್ದರೆ ಅವರಿಗೆ ಸಮಾಧಾನವಿಲ್ಲ.

ಎರಡು ಸಾವಿರದ ಹದಿನಾರರಲ್ಲಿ ತೈಲದ ಬೆಲೆ ಪಾತಾಳ ಕಂಡಿತು. ತೈಲಬಾವಿಗಳ ಕಡೆ ಓಡುತ್ತಿದ್ದ ನಮ್ಮ ಲಾರಿಗಳು ಅಂಗಳದಲ್ಲಿ ಧೂಳು ತಿನ್ನುತ್ತ ನಿಂತವು. ಫಿಲ್ಟರ್ ಕೇಳುವವರಿಲ್ಲ, ಬೆಲ್ಟ್ ಕೇಳುವವರಿಲ್ಲ. ಪೂವಪ್ಪಣ್ಣ ಕಪಾಟು ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ, ಪಾಠದ ಪುಸ್ತಕ ಬಿಟ್ಟರೆ ಬೇರೇನನ್ನೂ ಓದಿರದ ಆ ಮನುಷ್ಯ ಒಂದು ಕಾದಂಬರಿ ಹಿಡಿದು ಕೂತರು.

ಕಾದಂಬರಿ ನಮ್ಮ ಮನೆಯದು. ವಿಸಿಟ್ ವೀಸಾದಲ್ಲಿ ಬಂದ ನನ್ನ ತಾಯಿ ತಾಯಮ್ಮ ಅದನ್ನು ಮೈಸೂರಿನಿಂದ ಸಾರಿನ ಪುಡಿಯ ಜೊತೆ ಕಟ್ಟಿ ತಂದಿದ್ದರು. ರಕ್ಷಾಪುಟ ಹರಿದುಹೋಗಿ ಹೆಸರೇ ಇರಲಿಲ್ಲ. ಒಬ್ಬ ಮೇಜರ್, ಒಬ್ಬಳು ಡಾಕ್ಟರ್, ಗಡಿಯಲ್ಲಿ ಗೂಢಚಾರರು. ಪ್ರೀತಿ, ಗುಂಡು, ಗುಟ್ಟು ಮೂರೂ ಧಾರಾಳ. ಪೂವಪ್ಪಣ್ಣನೂ ನಾವೂ ಇರುವ ಬಿಲ್ಡಿಂಗಿನಲ್ಲಿ ಅದು ಮನೆಯಿಂದ ಮನೆಗೆ ಸುತ್ತಿ ‘ಮೇಜರ್ ಕಾದಂಬರಿ’ ಎಂದೇ ಹೆಸರಾಯಿತು.

ಪೂವಪ್ಪಣ್ಣನ ಕೈಗೆ ಅದನ್ನು ಕೊಟ್ಟವಳು ಅವರ ಮಗಳು ನಿಶ್ಮಿತಾ. ಅವಳು ಇಲ್ಲಿಯ ಇಂಡಿಯನ್ ಸ್ಕೂಲಿನಲ್ಲಿ ಟೀಚರ್. ಪುತ್ತೂರಿನ ಕೀರ್ತನ್ ಎಂಬ ಹುಡುಗನನ್ನು ಊರಿನ ಒಂದು ಮದುವೆಯಲ್ಲಿ ನೋಡಿ ಮೆಚ್ಚಿದ್ದಳು. ಹುಡುಗ ಸೈನ್ಯದಲ್ಲಿ ಕ್ಯಾಪ್ಟನ್. ಪೂವಪ್ಪಣ್ಣ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮಿಲಿಟರಿಯವರ ಕಥೆ ಓದಿದರೆ ಪಪ್ಪನ ಮನಸ್ಸು ಕರಗಬಹುದೆಂದು ಹುಡುಗಿಯ ಲೆಕ್ಕ. ಕನ್ನಡವನ್ನು ಕೂಡಿಸಿ ಕೂಡಿಸಿ ಓದುವ ಅವಳು ಮೊದಲ ಐದು ಅಧ್ಯಾಯ ಮಾತ್ರ ಮುಗಿಸಿದ್ದಳು. ಮುಂದೆ ಮೇಜರ್ ಏನು ಮಾಡುತ್ತಾನೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ.

ನನಗೆ ಇನ್ನೊಂದು ವಿಷಯ ಗೊತ್ತಿತ್ತು. ಮುಂದಿನ ತಿಂಗಳಿಂದ ಪೂವಪ್ಪಣ್ಣನನ್ನು ಐನೂರು ಕಿಲೋಮೀಟರ್ ದೂರದ ದುಕ್ಮ್‌ನ ಸ್ಟೋರಿಗೆ ಹಾಕಿದ್ದರು. ಅಲ್ಲಿ ಕ್ಯಾಂಪಿನ ವಾಸ, ಕಂಪನಿ ಬಸ್ಸು ಬಂದಾಗ ಮಾತ್ರ ಮನೆ. ಕೆಲಸ ಉಳಿಯಿತಲ್ಲ ಎಂದು ನಾವೆಲ್ಲ ಸಂತೋಷಪಟ್ಟೆವು. ಅವರು ಮಾತ್ರ ನನ್ನ ಮೇಜಿನ ಹತ್ತಿರ ಬಂದು ದನಿ ತಗ್ಗಿಸಿದರು.

“ದೊರೆಸ್ವಾಮಿಯವರೇ, ಸುಂದರಿಗೆ ಹೇಳ್ಬೇಡಿ. ಅವಳು ಬೇಜಾರು ಮಾಡ್ತಾಳೆ. ಹೊರಡುವಾಗ ನಾನೇ ಹೇಳ್ತೇನೆ.”

ಹೊರಡುವಾಗ ಹೇಳುವುದಂತೆ. ಹೆಂಡತಿಯೇನು ಗೇಟಿನ ವಾಚ್‌ಮನ್ನೇ? ಆದರೂ ಒಪ್ಪಿಕೊಂಡೆ. ಆಮೇಲೆ ಸುಂದರಕ್ಕ ಕಂಡಾಗಲೆಲ್ಲ ನಾನು ಲಿಫ್ಟ್ ಬಿಟ್ಟು ಮೆಟ್ಟಿಲು ಹಿಡಿಯಬೇಕಾಯಿತು.

ಪೂವಪ್ಪಣ್ಣ ಕಾದಂಬರಿ ಮುಗಿಸಿದ ಶುಕ್ರವಾರ ಅವರ ಮನೆಯಲ್ಲಿ ನೀರುದೋಸೆ. ನಾವು ತಾಯಿ ಮಗ ಹೋದೆವು. ಎದುರು ಮನೆಯ ನರ್ಸ್ ಡಾಲಿಯೂ ಬಂದಳು. ದೋಸೆಗಿಂತ ಮೊದಲು ಚರ್ಚೆ ಬಿಸಿಯೇರಿತು.

“ಯುದ್ಧ ಅಂದ್ಮೇಲೆ ಯುದ್ಧ ಇರ್ಬೇಕು ಕಣಮ್ಮ,” ಎಂದರು ನನ್ನ ತಾಯಿ. “ಗುಂಡು ಹಾರೋ ಹೊತ್ನಲ್ಲಿ ಇವನು ಅವಳ ಮುಂಗುರುಳು ಸರಿಸ್ತಾ ನಿಂತಿದಾನೆ. ಶತ್ರುಗಳೇನು ಕಾಫಿ ಕುಡಿಯೋಕೆ ಹೋಗಿದ್ರಾ?”

“ಅದೇ ಚಂದ ಅಲ್ವಾ ಆಂಟಿ,” ಎಂದಳು ಡಾಲಿ. “ನನಗೆ ಆಗದ್ದು ಆ ಭುಜದ ಗುಂಡು. ತಾಗಿದ ಮರುದಿನವೇ ಅವಳನ್ನು ಎತ್ತಿಕೊಂಡು ಗುಡ್ಡೆ ಹತ್ತುತ್ತಾನೆ. ನಮ್ಮ ವಾರ್ಡಿನಲ್ಲಿ ಭುಜಕ್ಕೆ ಪೆಟ್ಟಾದವರು ಚಮಚ ಎತ್ತುವುದಿಲ್ಲ.” ಇಷ್ಟು ಹೇಳಿದವಳು ಅದನ್ನು ಎರಡು ಸಲ ಓದಿ ಎರಡು ಸಲವೂ ಅತ್ತಿದ್ದಳು. ಗೂಢಚಾರ ಯಾರೆಂದು ನಾನು ಅರ್ಧದಲ್ಲೇ ಕಂಡುಹಿಡಿದಿದ್ದೆ. ಹೇಳಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸುಂದರಕ್ಕ ಅಡುಗೆಮನೆಯಲ್ಲಿ ಕಿವಿ ಇತ್ತ ಕೊಟ್ಟು ದೋಸೆ ಹೊಯ್ಯುತ್ತಿದ್ದರು.

ನಿಶ್ಮಿತಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. “ಪಪ್ಪ, ನಿಮಗೆ ಹೇಗನಿಸ್ತು?”

“ನನಗೆ ಆಗ್ಲಿಲ್ಲ,” ಎಂದರು ಪೂವಪ್ಪಣ್ಣ. “ಆ ಮೇಜರ್ ರಾತ್ರಿ ಹೆಂಡತಿ ಜೊತೆ ಕೂತು ಊಟ ಮಾಡಿ, ನಗಾಡಿ, ಬೆಳಿಗ್ಗೆ ಒಂದು ಮಾತು ಹೇಳದೆ ಹೋಗ್ತಾನೆ. ಅವಳು ಅಷ್ಟು ಅಧ್ಯಾಯ ಬಾಗಿಲು ನೋಡ್ತಾ ಕೂತುಕೊಳ್ಬೇಕು. ಎಂಥ ಗಂಡಸು ಮಾರಾಯ್ರೆ ಅವ? ಮಿಲಿಟ್ರಿಯವರು ಹೀಗೆಯೇ ಆದ್ರೆ ನಮ್ಮ ಹುಡುಗಿಗೆ ಆ ಸಂಬಂಧ ಬೇಡ.”

ನಿಶ್ಮಿತಾಳ ಕಣ್ಣು ತುಂಬಿತು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೇಜರನಿಗೆ ಬೈಯುವ ಈ ಬಾಯಿಯೇ ಮೊನ್ನೆ ನನ್ನ ಮೇಜಿನ ಹತ್ತಿರ ಪಿಸುಗುಟ್ಟಿದ್ದು. ಏನೂ ಗೊತ್ತಿಲ್ಲದವನಂತೆ ದೋಸೆ ಮುರಿಯುತ್ತ ಕೂತೆ.

“ಪಪ್ಪ, ಅದು ಸ್ಟೋರಿ. ನೀವು ಕೀರ್ತನ್‌ನನ್ನೇ ಕೇಳಿ,” ಎಂದು ಹುಡುಗಿ ಅಲ್ಲೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಪೂವಪ್ಪಣ್ಣ ತಡಬಡಾಯಿಸಿ ಕೈ ಒರೆಸಿಕೊಂಡರು. ಊಟ ಆಯಿತೇ, ಅಲ್ಲಿ ಚಳಿ ಉಂಟೇ ಎಂದೆಲ್ಲ ವಿಚಾರಿಸಿ ಕೊನೆಗೆ ವಿಷಯಕ್ಕೆ ಬಂದರು. “ನೀವು ಬಾರ್ಡರಿಗೆ ಹೋಗುವಾಗ ಮನೆಯವರಿಗೆ ಹೇಳ್ತೀರಾ, ಹೇಳದೆ ಹೋಗ್ತೀರಾ?”



“ಎಲ್ಲಿಗೆ, ಯಾಕೆ ಅಂತ ಕೆಲವು ಸಲ ಹೇಳ್ಲಿಕ್ಕೆ ಆಗುವುದಿಲ್ಲ ಅಂಕಲ್,” ಎಂದಿತು ಫೋನಿನ ದನಿ. “ಆದ್ರೆ ಹೇಳ್ಲಿಕ್ಕೆ ಆಗುವುದಿಲ್ಲ ಅಂತ ಹೇಳಿಯೇ ಹೋಗ್ತೇನೆ. ನಗಾಡಿ ಮುಚ್ಚಿಡುವುದಿಲ್ಲ.”

ಪೂವಪ್ಪಣ್ಣನ ಕೈಯಲ್ಲಿದ್ದ ದೋಸೆ ಕೈಯಲ್ಲೇ ಉಳಿಯಿತು. ಅವರು ನನ್ನ ಕಡೆ ನೋಡಿದರು. ನಾನು ಕಾಯಿಬೆಲ್ಲದ ಕಡೆ ನೋಡಿದೆ.

“ಸುಂದರಿ, ಒಮ್ಮೆ ಇಲ್ಲಿ ಬಾ,” ಎಂದರು. ಸುಂದರಕ್ಕ ಸೌಟು ಹಿಡಿದೇ ಬಂದರು. “ನನ್ನನ್ನು ದುಕ್ಮ್‌ಗೆ ಹಾಕಿದ್ದಾರೆ. ಮುಂದಿನ ತಿಂಗಳು. ನಿನಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ.”

“ಗೊತ್ತುಂಟು,” ಎಂದರು ಸುಂದರಕ್ಕ.

ಪೂವಪ್ಪಣ್ಣ ನನ್ನನ್ನು ನುಂಗುವಂತೆ ನೋಡಿದರು. ದೇವರಾಣೆ, ನಾನು ಬಾಯಿ ಬಿಟ್ಟಿರಲಿಲ್ಲ.

“ಅವರನ್ನು ಯಾಕೆ ನೋಡ್ತೀರಿ? ಹೊಸ ಬ್ಯಾಗು ತಂದು ಮಂಚದಡಿಯಲ್ಲಿ ಅಡಗಿಸಿದಿರಿ, ಸರಿ. ಅಟ್ಟದ ಮೇಲಿದ್ದ ಹಳೆ ಬ್ಯಾಗನ್ನು ಯಾಕೆ ಬಿಸಾಡಿದಿರಿ? ಕಂಬಳಿ ತುಂಬಿಸ್ಲಿಕ್ಕೆ ಅದನ್ನು ಹುಡುಕಿದೆ, ಹೊಸದು ಸಿಕ್ಕಿತು. ಒಳಗೆ ಬಟ್ಟೆ ಸೋಪು, ಸೂಜಿ, ದಾರ. ಊರಿಗೆ ಹೋಗುವವರು ಸೂಜಿ ದಾರ ತಕೊಂಡು ಹೋಗ್ತಾರಾ? ಕ್ಯಾಂಪಿಗೆ ಹೋಗುವವರು ಮಾತ್ರ.”

ಹಳೆಯದು ಹೋಗದೆ ಹೊಸದು ಬರಬಾರದು ಎಂಬ ಕಾನೂನು ಅದನ್ನು ಮಾಡಿದವರನ್ನೇ ಹಿಡಿದುಕೊಟ್ಟಿತ್ತು. ಡಾಲಿ ಬಾಯಿಗೆ ಸೆರಗು ಒತ್ತಿಕೊಂಡಳು. ನನ್ನ ತಾಯಿಗೆ ಅಷ್ಟು ತಾಳ್ಮೆಯಿಲ್ಲ, ಗಟ್ಟಿಯಾಗಿಯೇ ನಕ್ಕರು.

“ಮತ್ತೆ ಕೇಳ್ಲಿಲ್ಲ ಯಾಕೆ?” ಪೂವಪ್ಪಣ್ಣನ ದನಿ ಸಣ್ಣದಾಗಿತ್ತು.

“ನೀವು ಮೇಜರ್ ಕಾದಂಬರಿ ಓದ್ತಾ ಇದ್ರಲ್ಲ. ಯಾವ ಅಧ್ಯಾಯದಲ್ಲಿ ಬುದ್ಧಿ ಬರ್ತದೆ ಅಂತ ಕಾಯ್ತಾ ಇದ್ದೆ.” ಸುಂದರಕ್ಕನ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ನಗುವಿತ್ತು. “ದುಕ್ಮ್ ಏನು ಚಂದ್ರನಲ್ಲಿ ಉಂಟಾ? ಬಸ್ಸು ಹೋಗ್ತದಲ್ಲ.” ಆ ಗಳಿಗೆಯಲ್ಲಿ ಆಕೆಯ ಮೇಲೆ ನನಗೆ ಬಂದ ಅಭಿಮಾನವನ್ನು ಬರೆದು ಮುಗಿಸಲಾರೆ.

ಆಗ ಮೇಜಿನ ಮೇಲಿಂದ ಅಳುಕುತ್ತ ಒಂದು ದನಿ ಕೇಳಿತು. “ಅಂಕಲ್, ನಾನು ಲೈನಿನಲ್ಲೇ ಇದ್ದೇನೆ.”

ಕೀರ್ತನ್‌ನನ್ನು ಎಲ್ಲರೂ ಮರೆತೇಬಿಟ್ಟಿದ್ದೆವು. ನಿಶ್ಮಿತಾ ಅಳುತ್ತಿದ್ದವಳು ನಗತೊಡಗಿದಳು. ಪೂವಪ್ಪಣ್ಣ ಫೋನಿನತ್ತ ಬಾಗಿದರು.

“ನಿಮ್ಮ ಮನೆಯವರ ಹತ್ತಿರ ಮಾತಾಡ್ತೇನೆ. ದಿನ ನೋಡುವ. ನಿಮಗೆ ಮದುವೆಗೆ ರಜೆ ಯಾವಾಗ ಸಿಗ್ತದೆ?”

“ಅದನ್ನು ಈಗ ಹೇಳ್ಲಿಕ್ಕೆ ಆಗುವುದಿಲ್ಲ ಅಂಕಲ್.”

ಪೂವಪ್ಪಣ್ಣ ಹೆಂಡತಿಯ ಮುಖ ನೋಡಿ ತಲೆಯಾಡಿಸಿದರು.

“ಹೇಳಿದಿರಲ್ಲ,” ಎಂದರು. “ಅಷ್ಟು ಸಾಕು.”